ಚಾವಡಿಯ ಮೇಲಿನ ಮಣ್ಣು

ಭಾನುವಾರ ಮಧ್ಯಾಹ್ನ ಊರು ಉಂಡು ಅಡ್ಡಾಗಿತ್ತು. ಕಸ್ತೂರೆಮ್ಮ ಆರು ಮೊಳದ ಕೋಲನ್ನು ಹೆಗಲಿಗೇರಿಸಿಕೊಂಡು ಚಾವಡಿಯ ಕಡೆ ನಡೆದಳು. ಅಳತೆ ಇದ್ದದ್ದು ಮರುದಿನ ಸೋಮವಾರ, ಊರವರೆಲ್ಲರ ಮುಂದೆ. ಅದಕ್ಕೂ ಮೊದಲು ಒಂದು ಸಲ ಒಬ್ಬಳೇ ನೋಡಿಬಿಡಬೇಕು ಎಂದು ಅವಳಿಗೆ ನಾಲ್ಕು ದಿನದಿಂದ ಅನಿಸುತ್ತಿತ್ತು. ಮಗಳ ಮದುವೆ ಹದಿನಾರು ದಿನಕ್ಕೆ ಬಂದಿತ್ತು. ಯಾರಾದರೂ ಕೇಳಿದರೆ ಆಡಿಗೆ ಬೇವಿನ ಸೊಪ್ಪು ಉದುರಿಸಲು ಹೊರಟೆ ಅನ್ನುವುದೆಂದು ಮಾತು ಹೊಂದಿಸಿಕೊಂಡಿದ್ದಳು. ಯಾರೂ ಕೇಳಲಿಲ್ಲ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಡಾಂಬರು ರಸ್ತೆ ಬಿಟ್ಟು ಆರು ಮೈಲಿ ಒಳಗಿರುವ ಈ ಊರಲ್ಲಿ ಹಳೆಯದು ಎಂದು ತೋರಿಸಲು ಮೂರಿವೆ. ಅರ್ಧ ಕುಸಿದ ಕಾವಲು ಗೋಪುರ, ಊರವರ ಬಾಯಲ್ಲಿ ಹುಡೆ, ಒಂದು. ಹೊಲದ ಬದುವಿನಲ್ಲಿ ದೇವರಿಲ್ಲದ ಕಲ್ಲುಗುಡಿ ಒಂದು. ಮೂರನೆಯದು ನಿಜಾಮನ ಕಾಲದಲ್ಲಿ ಕಂದಾಯ ವಸೂಲಿಗೆ ಕಟ್ಟಿದ ಚಾವಡಿ. ಕಳೆದ ಚಳಿಗಾಲದಲ್ಲಿ ಹಳೆಯ ಕಟ್ಟಡಗಳ ಪಟ್ಟಿ ಬರೆಯುವವನೊಬ್ಬ ಬಂದಿದ್ದ. ಹುಡೆಗೆ ಒಂದು ಹಾಳೆ, ಗುಡಿಗೆ ಒಂದು ಹಾಳೆ, ಚಾವಡಿಗೆ ಮೂರು ಹಾಳೆ ಬರೆದುಕೊಂಡ. ಮಣ್ಣಿನ ಮಾಳಿಗೆ ಇಷ್ಟು ವರ್ಷ ನಿಂತದ್ದು ಅಪರೂಪ, ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದ. ಜನ ಕಸ್ತೂರೆಮ್ಮನನ್ನು ಮುಂದೆ ನೂಕಿದರು. ಅವಳು ಸೆರಗು ಹೊದ್ದು ಕಂಬದ ಪಕ್ಕ ನಿಂತಳು, ಅವನು ಫೋಟೊ ಹಿಡಿದ.

ಅವಳ ಗಂಡನ ಮನೆಯವರಿಗೆ ಊರಲ್ಲಿ ಮಣ್ಣಿನವರು ಎಂದೇ ಹೆಸರು. ಪ್ರತಿವರ್ಷ ಮುಂಗಾರಿಗೆ ಮೊದಲು ಹಳ್ಳದ ದಂಡೆಯ ಸವಳು ಮಣ್ಣು ತಂದು ಚಾವಡಿಯ ಮೇಲೆ ಹಾಸಿ ಬಡಿಯುವುದು ಅವರ ಪಾಲಿನ ಕೆಲಸ. ಸವಳು ಮಣ್ಣು ನೀರು ಇಳಿಯಗೊಡುವುದಿಲ್ಲ, ಆದರೆ ತೂಕ ಬಿಡುವುದಿಲ್ಲ. ವರ್ಷಕ್ಕೆ ಎರಡು ಬೆರಳು ಹಾಕಿದರೂ ಹತ್ತು ಹನ್ನೆರಡು ವರ್ಷಕ್ಕೆ ತೊಲೆಗೆ ಹೊರಲಾಗದಷ್ಟು ಆಗುತ್ತದೆ. ಆಗ ಹಳೆಯ ಮಣ್ಣನ್ನೆಲ್ಲ ಇಳಿಸಿ, ಕೊಳೆತ ಜಂತೆ ತೆಗೆದು, ಹೊಸದಾಗಿ ಹೊದಿಸಬೇಕು. ಇಳಿಸುವ ಕಾಲ ಬಂತೋ ಇಲ್ಲವೋ ಎಂಬುದನ್ನು ಹೇಳುವುದು ಕಮರದ ಮರದ ಆ ಕೋಲು. ನಡುತೊಲೆಯ ಕೆಳಗೆ ಅದನ್ನು ನೆಟ್ಟಗೆ ಹಿಡಿದು ಈ ಕಡೆಯಿಂದ ಆ ಕಡೆಗೆ ಹಾಯಿಸಬೇಕು. ಹಾದರೆ ಆ ವರ್ಷವೂ ಮೇಲೆ ಮಣ್ಣು ಹಾಕಬಹುದು. ತಡೆದರೆ ತೊಲೆ ಬಾಗಿದೆ, ಮಣ್ಣು ಇಳಿಸಲೇಬೇಕು.

ಇಳಿಸುವುದಕ್ಕೆ ಊರಿನ ಒಂದು ಕಟ್ಟುಪಾಡು ಇತ್ತು. ಚಾವಡಿ ಊರಿಗೆ ಹಿರಿಯ. ಹಿರಿಯನ ತಲೆಯ ಮೇಲೆ ಮಣ್ಣಿನ ರುಮಾಲು ಇಲ್ಲದಾಗ ಊರಿನ ಯಾರ ಹಣೆಗೂ ಬಾಸಿಂಗ ಕಟ್ಟುವಂತಿಲ್ಲ, ಊರ ಹುಡುಗಿಗೆ ಬೇರೆ ಊರಿನಲ್ಲಿ ಮದುವೆ ಮಾಡಿದರೂ ಇಲ್ಲ. ಮಣ್ಣು ಇಳಿಸಿ ಮತ್ತೆ ಹೊದಿಸಲು ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆ ಹಿಡಿಯುತ್ತದೆ. ಅಷ್ಟರಲ್ಲಿ ಮದುವೆಯ ದಿನಗಳು ಮುಗಿದಿರುತ್ತವೆ.

ಒಳಗೆ ಅಂಗನವಾಡಿಯ ಚಾಪೆಗಳು ಸುತ್ತಿಟ್ಟಿದ್ದವು. ಅಂಗನವಾಡಿಯ ಸ್ವಂತ ಕಟ್ಟಡ ಬಾಗಿಲ ಎತ್ತರಕ್ಕೆ ಬಂದು ಎರಡು ವರ್ಷದಿಂದ ನಿಂತಿತ್ತು, ಹಾಗಾಗಿ ಹದಿನೆಂಟು ಮಕ್ಕಳು ಇಲ್ಲೇ ಕೂಡುತ್ತಿದ್ದರು. ಕಸ್ತೂರೆಮ್ಮ ಕೋಲನ್ನು ನಡುತೊಲೆಯ ಕೆಳಗೆ ನಿಲ್ಲಿಸಿ ನಿಧಾನಕ್ಕೆ ಸರಿಸಿದಳು. ಮೂರು ಹೆಜ್ಜೆ ಸರಿಯಿತು. ನಡುಗಂಬದ ಹತ್ತಿರ ನಿಂತಿತು. ಹಿಂದೆ ತಂದು ಮತ್ತೆ ನೂಕಿದಳು. ಅಲ್ಲೇ ನಿಂತಿತು. ಬೆರಳು ಇಟ್ಟು ನೋಡಿದಳು. ಒಂದು ಬೆರಳಿನಷ್ಟು, ಅದಕ್ಕಿಂತ ತುಸು ಹೆಚ್ಚು.

ಮಗಳು ಭವಾನಿಯ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಮೊದಲ ಸಲ ಗಂಡಿನ ಮನೆಯಲ್ಲಿ ಸಾವಾಯಿತು. ಎರಡನೆಯ ಸಲ ಕಸ್ತೂರೆಮ್ಮನ ಗಂಡ ಪಕ್ಕೀರಪ್ಪ ಹೊಲದಿಂದ ಬಂದವನು ನೀರು ಕುಡಿದು ಮಲಗಿ ಏಳಲಿಲ್ಲ. ಗಂಡಿನ ಕಡೆಯವರು ಹೋದ ತಿಂಗಳು ಬಂದು, ಈ ಸಲ ಆಗದಿದ್ದರೆ ನಾವು ಬೇರೆ ನೋಡಿಕೊಳ್ಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಎಂದು ಮರ್ಯಾದೆಯಿಂದಲೇ ಹೇಳಿ ಚಹಾ ಕುಡಿದು ಹೋಗಿದ್ದರು. ಭವಾನಿಗೆ ಇಪ್ಪತ್ತೇಳು. ಎರಡು ವರ್ಷದಿಂದ ಮನೆಯಲ್ಲಿ ದನಿಯೇ ಇಲ್ಲದ ಹಾಗೆ ಇದ್ದವಳು ಈಗ ಸಂಜೆ ಹಿತ್ತಲಲ್ಲಿ ಫೋನು ಹಿಡಿದು ನಗುತ್ತಾಳೆ. ಒಳಗೆ ರೊಟ್ಟಿ ಬಡಿಯುವಾಗ ಕಸ್ತೂರೆಮ್ಮನ ಕಿವಿಗೆ ಆ ನಗು ಬೀಳುತ್ತದೆ, ರೊಟ್ಟಿ ಬಡಿಯುವುದನ್ನು ಅವಳು ಮೆಲ್ಲಗೆ ಮಾಡುತ್ತಾಳೆ.

ಮನೆಗೆ ಬಂದು ದನದ ಕೊಟ್ಟಿಗೆಯ ಬಾಗಿಲು ಹಾಕಿಕೊಂಡಳು. ಕುಡುಗೋಲಿನಿಂದ ಕೋಲಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ತರಿದಳು. ಕಮರದ ಕಟ್ಟಿಗೆ ಕಲ್ಲಿನಂಥದು, ಒಂದೂವರೆ ಬೆರಳು ಹೋಗುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು. ತರಿದ ಜಾಗ ಹಸಿಯಾಗಿ ಕೆಂಪಗೆ ಕಾಣುತ್ತಿತ್ತು. ಹೆಂಚಿನ ಮಸಿಗೆ ಔಡಲ ಎಣ್ಣೆ ಕಲಸಿ ತಿಕ್ಕಿದಳು. ಬಣ್ಣ ಕೂಡಿತೋ ಇಲ್ಲವೋ ನೋಡಲು ಕೋಲನ್ನು ತಿರುಗಿಸಿ ಇನ್ನೊಂದು ತುದಿಯನ್ನು ಬೆಳಕಿಗೆ ಹಿಡಿದಳು.

ಆ ತುದಿಯಲ್ಲೂ ಕುಡುಗೋಲಿನ ಏಟುಗಳಿದ್ದವು. ಅದರ ಮೇಲೂ ಮಸಿ ಇತ್ತು.

ಅವಳು ಕೋಲನ್ನು ತೊಡೆಯ ಮೇಲಿಟ್ಟುಕೊಂಡಳು. ನಾದಿನಿಯ ಮದುವೆಯ ವರ್ಷ ಪಕ್ಕೀರಪ್ಪ ಇದೇ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಏನು ಮಾಡುತ್ತಿದ್ದೀರಿ ಎಂದರೆ, ಕುಡುಗೋಲು ಮಸೆಯುತ್ತಿದ್ದೇನೆ ಎಂದಿದ್ದ. ಏಟುಗಳು ಒಂದೇ ಕಾಲದವೂ ಅಲ್ಲ. ಕೆಲವು ಸವೆದು ನುಣ್ಣಗಾಗಿದ್ದವು, ಅವು ಮಾವನ ಕಾಲದವಿರಬೇಕು. ಹಾಗಾದರೆ ಕೋಲು ನಿಜಕ್ಕೂ ಎಷ್ಟು ಉದ್ದವಿತ್ತು, ತೊಲೆ ಎಷ್ಟು ಇಳಿದಿದೆ, ಅವಳಿಗೆ ತಿಳಿಯುವ ದಾರಿ ಇರಲಿಲ್ಲ. ಅವರಿಗೆಲ್ಲ ಏನೂ ಆಗಲಿಲ್ಲವಲ್ಲ ಎಂದು ಒಂದು ಮನಸ್ಸು ಹೇಳಿತು. ಅವಳು ಆ ಮನಸ್ಸಿನ ಮಾತು ಕೇಳಿದಳು.

ಸೋಮವಾರ ಕೋಲು ಹಾದುಹೋಯಿತು. ಊರ ಹಿರಿಯ ಕೊಟ್ರಪ್ಪ ಕಂಬಕ್ಕೆ ಕಾಯಿ ಒಡೆದ.

"ಹಾದೈತಿ ನೋಡ್ರಪಾ. ಈ ವರ್ಸನೂ ಹಿರ್ಯಾ ಗಟ್ಟಿ ಅದಾನ," ಎಂದ. "ಕಸ್ತೂರಿ, ನಿನ್ನ ಮಗಳ ಅದೃಷ್ಟ ಛಲೋ ಐತಿ ಬಿಡವ್ವಾ."

"ಹೌದ್ರಿ ಯಜ್ಜಾ," ಎಂದಳು ಕಸ್ತೂರೆಮ್ಮ.

ಮೂರು ದಿನ ಮಣ್ಣು ಹೊತ್ತರು. ಅವಳ ಜೊತೆ ಪ್ರತಿವರ್ಷ ಬುಟ್ಟಿ ಹೊರುವವಳು ಮೆಹಬೂಬಬೀ, ಓಣಿಯ ಕೊನೆಯ ಮನೆಯವಳು, ಅವಳೂ ಗಂಡನಿಲ್ಲದವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಕಸ್ತೂರೆಮ್ಮ ಬುಟ್ಟಿಗೆ ಅರ್ಧವೇ ತುಂಬುವುದನ್ನು ಕಂಡು ಅವಳು ಕೈ ಸೊಂಟಕ್ಕೆ ಕೊಟ್ಟು ನಿಂತಳು.

"ಇದೇನ ಕಸ್ತೂರವ್ವಾ, ಉಳದ ಮಣ್ಣ ಮಗಳ ಜೋಡಿ ಗಂಡನ ಮನಿಗಿ ಕಳಸಾಕಿ ಏನ?"

"ಸೊಂಟ ಹಿಡಕೊಂಡೈತಿ ಅಕ್ಕಾ."

"ಸೊಂಟ ನನಗೂ ಐತಿ. ಬೀಗತಿ ಆಗೂ ಮೊದಲ ಬೀಗರಂಗ ಮಾಡಬ್ಯಾಡ. ತುಂಬು, ತುಂಬು."

ಕೆಳಗಿನಿಂದ ಕೊಟ್ರಪ್ಪನೂ ಕೂಗಿದ. ಬುಟ್ಟಿ ತುಂಬಿದವು. ಎರಡು ಬೆರಳಿನ ಮಣ್ಣು ಬಿದ್ದಿತು, ನೀರು ಚಿಮುಕಿಸಿ ಬಡಿದರು. ಮೆಹಬೂಬಬೀ ಬಡಿಯುತ್ತ, ಭವಾನಿಗೆ ಹಸಿರು ಬಳೆಯ ಜೊತೆ ಕೆಂಪು ಗೀರಿನವು ಇರಲಿ, ಕನಕಗಿರಿ ಸಂತೆಯಲ್ಲಿ ಸಿಗುತ್ತವೆ, ಅಫ್ರೋಜನಿಗೆ ತರಲು ಹೇಳುತ್ತೇನೆ ಎಂದಳು. ಅಫ್ರೋಜ ಅವಳ ಮಗ. ಬಸ್ಸು ನಿಲ್ಲುವ ಜಾಗದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಸುತ್ತಲ ಹಳ್ಳಿಯಲ್ಲಿ ಯಾರ ಮನೆಗೆ ಹಾವು ಬಂದರೂ ಅವನಿಗೇ ಫೋನು. ಹಿಡಿದು ಗುಡ್ಡಕ್ಕೆ ಬಿಟ್ಟು ಬರುತ್ತಿದ್ದ, ಒಂದು ಲೋಟ ಚಹಾದ ಹೊರತು ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ.

ಮದುವೆಗೆ ಏಳು ದಿನ ಇರುವಾಗ ಅಡ್ಡಮಳೆ ಹಿಡಿಯಿತು. ಎರಡು ದಿನ, ಎರಡು ರಾತ್ರಿ ಬಿಡಲಿಲ್ಲ. ಮೂರನೆಯ ದಿನ ನಸುಕಿಗೆ ಮಳೆ ನಿಂತಾಗ ಕಸ್ತೂರೆಮ್ಮ ತಲೆಗೆ ಗೋಣಿ ಹಾಕಿಕೊಂಡು ಚಾವಡಿಗೆ ಹೋದಳು. ಒಳಗೆ ನೀರಿನ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ನಡುಗಂಬದ ಸುತ್ತ ನೆಲದ ಮೇಲೆ ಒಣ ಮಣ್ಣಿನ ಪುಡಿ ಜರಡಿ ಹಿಡಿದಂತೆ ಉದುರಿತ್ತು. ಅವಳು ನೋಡುತ್ತಿದ್ದಂತೆಯೇ ಇನ್ನಷ್ಟು ಉದುರಿತು. ಮೊಬೈಲಿನ ಬೆಳಕು ಮೇಲಕ್ಕೆ ಹಿಡಿದಳು. ತೊಲೆಯಲ್ಲಿ ಉದ್ದಕ್ಕೆ ಒಂದು ಸೀಳು. ಅದರೊಳಗೆ ಹೊಸ ಕಟ್ಟಿಗೆಯ ಬಣ್ಣ.

ಮಕ್ಕಳು ಬರಲು ಇನ್ನು ಮೂರು ತಾಸು. ತೊಲೆ ಸೀಳಿದೆ ಎಂದರೆ ಕೊಟ್ರಪ್ಪ ಇವತ್ತೇ ಜನ ಹಚ್ಚಿ ಮಣ್ಣು ಇಳಿಸುತ್ತಾನೆ. ಇಳಿಸಿದರೆ ಮದುವೆ ಇಲ್ಲ. ಐದು ದಿನ ಮಕ್ಕಳನ್ನು ಇದರೊಳಗೆ ಬಿಡದಿದ್ದರೆ ಸಾಕು, ಅಕ್ಷತೆ ಬಿದ್ದ ಮರುದಿನ ತಾನೇ ಹೋಗಿ ಹೇಳಿದರಾಯಿತು ಎಂದುಕೊಂಡಳು. ಬಾಗಿಲು ಹಾಕಿ ಕಟ್ಟೆಯ ಮೇಲೆ ಕುಳಿತು ಕಾದಳು.

ಅಂಗನವಾಡಿಯ ಶೈಲಶ್ರೀ ಒಂಬತ್ತೂವರೆಗೆ ಬಂದಳು. ಹಿಂದೆ ಮಕ್ಕಳ ಸಾಲು.

"ಟೀಚರ್ರ, ಒಳಗ ಬಿಡಬ್ಯಾಡ್ರಿ. ಹಾವು ಐತಿ."

"ಹಾವ? ನೀವು ಕಂಡೀರೇನ್ರಿ ಕಸ್ತೂರೆಮ್ಮಾರ?"

"ಈಗ ಕಂಡ್ನಿ. ಮಳಿಗೆ ಒಳಗ ಹೊಕ್ಕೈತಿ. ಒಂದ ನಾಕೈದು ದಿನ ಬಸವಣ್ಣನ ಗುಡಿ ಪಡಸಾಲ್ಯಾಗ ಕುಂದರಸ್ರಿ."

"ನಾಕೈದು ದಿನ ಯಾಕ್ರಿ, ಅಫ್ರೋಜಗ ಹೇಳಿದ್ರ ಹತ್ತ ನಿಮಿಷದ ಕೆಲಸ," ಎಂದು ಶೈಲಶ್ರೀ ಆಗಲೇ ಫೋನು ಕಿವಿಗಿಟ್ಟಿದ್ದಳು. ಅವನು ಬರುವತನಕ ಮಕ್ಕಳನ್ನು ಗುಡಿಯ ಪಡಸಾಲೆಯಲ್ಲಿ ಕೂರಿಸಿದಳು.

ಕಸ್ತೂರೆಮ್ಮನಿಗೆ ಅದು ಹೊಳೆದಿರಲಿಲ್ಲ. ರಾತ್ರಿಯಿಡೀ ಮಳೆಯ ಸದ್ದು ಕೇಳುತ್ತ ನಿದ್ದೆಯಿಲ್ಲದೆ ಕೂತವಳಿಗೆ ಮಕ್ಕಳು ಮಾತ್ರ ನೆನಪಿದ್ದರು. ಹಾವು ಅಂದರೆ ಊರಲ್ಲಿ ಅಫ್ರೋಜ ಎಂಬುದು ಮರೆತೇ ಹೋಗಿತ್ತು.

ಅವನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದ. ಒಂದು ಕೈಯಲ್ಲಿ ಕೊಕ್ಕೆಯ ಕಡ್ಡಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಡಬ್ಬಿ.

"ಚಿಗವ್ವಾ, ಯಾವ ಹಾವು? ನಾಗರೋ ಕೇರಿಯೋ?"

"ಹೋತಪಾ ಅದು. ಹಿಂದಿನ ಕಿಂಡ್ಯಾಗ ಹಾಯ್ದು ಹೋತು. ನಾ ನೋಡಿದ್ನಿ."

"ಈಗರ ಐತಿ ಅಂದ್ಯಂತ ಟೀಚರ್ ಮುಂದ."

"ಆಮ್ಯಾಲ ಹೋತು."

ಅಫ್ರೋಜ ನಕ್ಕ. "ಮದುವಿ ಗದ್ದಲದಾಗ ಚಿಗವ್ವಗ ಹಾವೂ ಹಗ್ಗಾನೂ ಒಂದ ಆಗ್ಯಾವು. ಇರ್ಲಿ, ಒಮ್ಮಿ ನೋಡಿ ಬರ್ತನಿ. ನೋಡಲಿಲ್ಲಂದ್ರ ಟೀಚರ್ ಹುಡುಗರನ್ನ ಒಳಗ ಕರಕೊಳ್ಳಂಗಿಲ್ಲ."

ಅವಳು ಅವನ ಅಂಗಿಯ ತೋಳು ಹಿಡಿದಳು. ಆಗ ಹೇಳಬಹುದಿತ್ತು. ತೊಲಿ ಸೀಳೈತಿ ಎಂಬ ಎರಡು ಮಾತು. ಶೈಲಶ್ರೀ ಪಕ್ಕದಲ್ಲೇ ಇದ್ದಳು, ಕೊಟ್ರಪ್ಪ ಎದುರಿನ ಅಂಗಡಿಯ ಬೆಂಚಿನ ಮೇಲೆ ಪೇಪರು ಹಿಡಿದಿದ್ದ. ಕಸ್ತೂರೆಮ್ಮ ಹೇಳಿದ್ದು ಬೇರೆ.

"ನಡಕ್ಕ ಹೋಗಬ್ಯಾಡ. ಬಾಗಲ ಬಲಕ್ಕ ಮೂಲಿ ಐತೆಲ್ಲ, ಅಲ್ಲೇ ನೋಡು. ಅಲ್ಲೇ ಕಂಡಿದ್ನಿ."

"ಆತು ಬಿಡು," ಎಂದು ಅವನು ಒಳಗೆ ಹೋದ.

ಬಲದ ಮೂಲೆಯಲ್ಲಿ ಕಡ್ಡಿ ಆಡಿಸುವ ಸದ್ದು ಕೇಳಿತು. ಚಾಪೆ ಬಿಚ್ಚಿ ಝಾಡಿಸಿದ. ಇಲ್ಲಿ ಏನೂ ಇಲ್ಲ ಎಂದು ಒಳಗಿನಿಂದಲೇ ಹೇಳಿದ. ಕಸ್ತೂರೆಮ್ಮ, ಸಾಕು ಬಾ ಎಂದಳು. ನಡುಗಂಬದ ಬುಡಕ್ಕೆ ಅಂಗನವಾಡಿಯ ಒಲೆಗೆಂದು ತಂದ ಹಳೆಯ ಕಲ್ಲುಗಳ ರಾಶಿ ಇತ್ತು. ಹಾವು ಅಡಗುವುದು ಅಂಥ ಕಡೆಯೇ ಎಂದು ಅವನಿಗೆ ಗೊತ್ತಿತ್ತು. ಒಂದು ಕಲ್ಲು ಸರಿಸಿದ ಸದ್ದು ಬಂತು. ಇನ್ನೊಂದು.

ದೊಡ್ಡ ಸಪ್ಪಳವಾಗಲಿಲ್ಲ. ಬಂಡಿಯಿಂದ ಜೋಳದ ಚೀಲ ನೆಲಕ್ಕೆ ಕೆಡವಿದಂತೆ ಒಂದು ದಪ್ಪ ಸದ್ದು, ಅಷ್ಟೇ. ಹೊರಗೆಲ್ಲ ಕೆಸರು, ಆದರೆ ಬಾಗಿಲಿನಿಂದ ಒಣ ಧೂಳು ಉಬ್ಬಿ ಬಂದು ಶೈಲಶ್ರೀಯ ಸೀರೆ ಬೆಳ್ಳಗಾಯಿತು. ಗುಡಿಯ ಪಡಸಾಲೆಯಲ್ಲಿ ಮಕ್ಕಳು ಎದ್ದು ನಿಂತರು.

ಎದುರಿನ ಅಂಗಡಿಯ ಹುಲಿಗೆಪ್ಪ ಮತ್ತು ಹತ್ತಾರು ಗಂಡಸರು ಸಲಿಕೆ ತಂದು ಅಗೆದರು. ಮಣ್ಣು ಪದರು ಪದರಾಗಿ ಬಿದ್ದಿತ್ತು. ಈ ವರ್ಷದ್ದು ಹಸಿ, ಅದರ ಕೆಳಗೆ ಬೂದು, ಅದರ ಕೆಳಗೆ ಬಿಳಿ, ಇನ್ನೂ ಕೆಳಗೆ ಇಟ್ಟಂಗಿಯಂತೆ ಗಟ್ಟಿಯಾದದ್ದು. ನಿಂತ ಗೋಡೆಯ ತುದಿಯಲ್ಲಿ ಉಳಿದಿದ್ದ ಮಣ್ಣಿಗೆ ಹುಲಿಗೆಪ್ಪ ಸಲಿಕೆ ಹಿಡಿದು ದಪ್ಪ ನೋಡಿದ. ಅವನ ಎದೆಯ ಮಟ್ಟ ಇತ್ತು.

"ಎಷ್ಟು ವರ್ಸದಿಂದ ಇಳಿಸಿಲ್ಲಪಾ ಇದನ್ನ," ಎಂದ.

ಹನ್ನೆರಡು ಗಂಟೆಗೆ ಅಫ್ರೋಜ ಸಿಕ್ಕ. ಡಬ್ಬಿ ಚಪ್ಪಟೆಯಾಗಿ ಅವನ ಹೊಟ್ಟೆಯ ಕೆಳಗಿತ್ತು. ಮೆಹಬೂಬಬೀ ಚಪ್ಪಲಿಯಿಲ್ಲದೆ ಬಂದು ಮಗನ ಕಿವಿಯೊಳಗಿನ ಮಣ್ಣನ್ನು ಸೆರಗಿನ ತುದಿಯಿಂದ ತೆಗೆಯತೊಡಗಿದಳು. ಬೇರೆ ಏನನ್ನೂ ಮಾಡಲಿಲ್ಲ. ಒಂದು ಕಿವಿ ಮುಗಿಸಿ ಇನ್ನೊಂದು ಕಿವಿ.

ತಾಲ್ಲೂಕಿನಿಂದ ಬಂದವರು ಕಾಗದ ಬರೆದರು. ಕೊಟ್ರಪ್ಪ ಎಲ್ಲರ ಪರವಾಗಿ ಹೇಳಿದ.

"ಅಳತಿ ಆಗಿತ್ರಿ ಸಾಹೇಬ್ರ. ಕೋಲು ಹಾದದ್ದು ಊರೆಲ್ಲಾ ನೋಡೇತಿ. ಮಳಿ ಒಂದ ಸವನ ಹೊಡೀತು, ಏನ ಮಾಡೂದ್ರಿ."

ಮಳೆಯಿಂದ ಎಂದು ಅವರು ಬರೆದುಕೊಂಡರು.

ಸಂಜೆ ಕಸ್ತೂರೆಮ್ಮ ಕೊಟ್ರಪ್ಪನ ಮನೆಗೆ ಹೋದಳು. ಚಾವಡಿ ಬೋಳಾಯಿತು, ಮದುವೆ ನಿಲ್ಲಿಸುತ್ತೇನೆ ಎಂದು ಹೇಳಲು ಹೋದವಳು. ಅದನ್ನು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕೆಂದಿದ್ದಳು. ಕೊಟ್ರಪ್ಪ ಕೈ ಅಡ್ಡ ಹಿಡಿದ.

"ಯಾಕ ನಿಲ್ಲಸ್ತಿ? ಇಳಿಸಿದ್ರ ಬಾಸಿಂಗ ಇಲ್ಲ ಅಂತ ಕಟ್ಟು. ತಾನಾ ಬಿದ್ರ ಏನೂ ಕಟ್ಟಿಲ್ಲ. ಹಿಂದಿನ ಹಿರ್ಯಾರು ಚಾವಡಿ ಬೀಳೂ ಮಾತ ಎತ್ತಿಲ್ಲ."

"ಮತ್ತ ಬೋಳಾತಲ್ರಿ ಯಜ್ಜಾ."

"ಅಲ್ಲವ್ವಾ, ಕಟ್ಟು ನಾವ ಮಾಡಿದ್ದು. ಮೊದಲ ಬಂದು ಕೇಳಿದ್ರೂ ಏನಾರ ಒಂದ ದಾರಿ ಮಾಡತಿದ್ವಿ. ಮೂರನೇ ಸಲ ಹುಡುಗಿ ಮದುವಿ ತಪ್ಪಸ್ತಾರೇನ ಯಾರರ?" ಅವನು ನಿಟ್ಟುಸಿರು ಬಿಟ್ಟ. "ಮೆಹಬೂಬಬೀನೂ ಹೇಳಿ ಕಳಸ್ಯಾಳ. ಮದುವಿ ನಿಲ್ಲಸಬ್ಯಾಡ್ರಿ, ನಿಲ್ಲಸಿದ್ರ ನನ್ನ ಮಗ ಎದ್ದು ಬರಂಗಿಲ್ಲ ಅಂತ."

ಕಸ್ತೂರೆಮ್ಮನ ಬಾಯಲ್ಲಿದ್ದ ಉಳಿದ ಮಾತು ಹೊರಗೆ ಬರಲಿಲ್ಲ. ಹಾಗೆಯೇ ಹೊಸ್ತಿಲು ದಾಟಿ ಮನೆಗೆ ನಡೆದಳು.

ಮದುವೆ ಆಯಿತು. ವಾದ್ಯವಿಲ್ಲದೆ, ಗಂಡಿನ ಊರಲ್ಲಿ, ಮನೆಯ ಮಟ್ಟಿಗೆ. ಭವಾನಿ ತಲೆ ಎತ್ತಲಿಲ್ಲ. ಕೈಯಲ್ಲಿ ಬರೀ ಹಸಿರು ಬಳೆ. ತಾಯಿ ಊರಿಗೆ ಹೊರಟಾಗ ಅವಳ ಅಂಗೈಯ ಬೊಬ್ಬೆ ಒಡೆದು ಕೀವು ತುಂಬಿದ್ದನ್ನು ನೋಡಿ, "ಯವ್ವಾ, ಇದೇನಾತು?" ಎಂದಳು. "ಸಲಿಕಿ ಹಿಡದು," ಎಂದಳು ಕಸ್ತೂರೆಮ್ಮ.

ಮೂರು ದಿನ ಬಿಟ್ಟು ಮೆಹಬೂಬಬೀಯ ಮನೆಗೆ ಹೋದಳು. ನಡುಮಧ್ಯಾಹ್ನ. ಮೆಹಬೂಬಬೀ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬಾಗಿಲ ಪಕ್ಕ ಪಂಕ್ಚರ್ ಅಂಗಡಿಯ ಗಾಳಿಯ ಪಂಪು, ಟ್ಯೂಬುಗಳು, ಯಾರದೋ ಸೈಕಲ್ಲಿನ ಚಕ್ರ ತಂದಿಟ್ಟಿದ್ದರು.

"ಬಾ. ಮಗಳು ಆರಾಮ ಅದಾಳೇನ?"

"ಹ್ಞೂಂ," ಎಂದು ಕಸ್ತೂರೆಮ್ಮ ಹೊಸ್ತಿಲ ಹೊರಗೇ ಕುಳಿತಳು. ಎಲ್ಲಿಂದ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆಲ್ಲ ತಪ್ಪಿತು. "ಅಕ್ಕಾ, ಅವತ್ತ ಹಾವು ಇದ್ದಿಲ್ಲ."

ಮೆಹಬೂಬಬೀಯ ಬೆರಳು ಮೊರದಲ್ಲಿ ನಿಂತಿತು.

"ನಾ ಯಾವ ಹಾವೂ ಕಂಡಿಲ್ಲ. ತೊಲಿ ಸೀಳಿತ್ತು. ನನಗ ಗೊತ್ತಿತ್ತು. ಹುಡುಗರು ಒಳಗ ಹೋಗಬಾರದಂತ ಹಂಗಂದ್ನಿ. ಅಳತಿ ಕೋಲೂ ನಾನ ತರದು ಗಿಡ್ಡ ಮಾಡಿದ್ನಿ, ಭವಾನಿ ಮದುವಿ ನಿಲ್ತೈತಂತ. ಅವಗ ಹೇಳಾಕ ಬಾಯಿತನಕ ಬಂದಿತ್ತು. ಹೇಳಲಿಲ್ಲ."

ಹಿತ್ತಲಲ್ಲಿ ಕೋಳಿ ಕೆದರುವ ಸದ್ದು ಕೇಳುತ್ತಿತ್ತು. ಮೆಹಬೂಬಬೀ ಬೈಯಲಿಲ್ಲ. ಮೊರದ ಅಕ್ಕಿಯನ್ನು ಒಂದು ಕಡೆ ಸರಿಸಿದಳು, ಮತ್ತೆ ಹರಡಿದಳು. ಆಮೇಲೆ ಕೇಳಿದಳು.

"ಅಂದ್ರ ಅವ ಒಳಗ ಏನ ಹುಡಕತಿದ್ದ?"



ಅಷ್ಟರಲ್ಲಿ ಅಂಗಳದಲ್ಲಿ ಆಟೊ ನಿಂತಿತು. ಪಕ್ಕದ ಮನೆಯ ಸರ್ದಾರಬೀ, ಕನಕಗಿರಿಯಿಂದ ಬಂದ ಮೂವರು ಹೆಂಗಸರನ್ನು ಒಳಗೆ ಕರೆತಂದಳು. ದೂರದ ನೆಂಟರು, ಸಾವಿನ ದಿನ ಬರಲಾಗದವರು. ಮೆಹಬೂಬಬೀಯ ಕೊರಳಿಗೆ ಬಿದ್ದು ಅತ್ತರು. ಅತ್ತು ಮುಗಿದ ಮೇಲೆ ಅವರಲ್ಲಿ ಹಿರಿಯಳು ಹಜರತಬೀ ಮೂಗು ಒರೆಸಿಕೊಂಡು ಹೇಳಿದಳು.

"ನಮ್ಮೂರಾಗೆಲ್ಲಾ ಅದ ಮಾತು. ಹದಿನೆಂಟ ಹುಡುಗರ ಸಲುವಾಗಿ ಹಾವಿನ ಬಾಯಿಗೆ ಕೈ ಹಾಕಾಕ ಹೋದ ಅಂತ. ಅಂಥಾ ಸಾವು ಎಲ್ಲಾರಿಗೂ ಬರಂಗಿಲ್ಲವ್ವಾ. ಯಾವ ಹಾವಿತ್ತ ಅದು?"

ಕಸ್ತೂರೆಮ್ಮ ಏಳಲು ಹೋದಳು. ಮೆಹಬೂಬಬೀ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಬುಟ್ಟಿ ಹೊತ್ತ ಕೈ, ಗಟ್ಟಿಯಾಗಿತ್ತು.

"ಈಕಿನ ಕಂಡಾಕಿ," ಎಂದಳು ನೆಂಟರಿಗೆ. "ಈಕೀಗಿ ಕೇಳ್ರಿ. ಹೇಳ್ತಾಳ."

ಮೂವರೂ ಇತ್ತ ತಿರುಗಿದರು. ಮೆಹಬೂಬಬೀಯೂ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಿಟ್ಟು ಇತ್ತೋ ಬೇಡಿಕೆ ಇತ್ತೋ ಕಸ್ತೂರೆಮ್ಮನಿಗೆ ಗೊತ್ತಾಗಲಿಲ್ಲ. ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ.

"ನಾಗರ," ಎಂದಳು.

"ಎಷ್ಟುದ್ದ ಇತ್ತು?"

"ಮಾರುದ್ದ. ಕರೇದು. ಹೆಡಿ ತಗದಿತ್ತು."

"ಎಲ್ಲಿ ಕುಂತಿತ್ತು?"

"ಬಾಗಲ ಬಲಕ್ಕ. ಹುಡುಗರ ಚಾಪಿ ಹತ್ರ."

ಹಜರತಬೀ ಎದೆಯ ಮೇಲೆ ಕೈ ಇಟ್ಟುಕೊಂಡು ಯಾ ಅಲ್ಲಾ ಎಂದಳು. ಸರ್ದಾರಬೀ ಚಹಾಕ್ಕೆ ನೀರಿಟ್ಟಳು. ನೆಂಟರು ಮತ್ತೆ ಮತ್ತೆ ಕೇಳಿದರು, ಕಸ್ತೂರೆಮ್ಮ ಮತ್ತೆ ಮತ್ತೆ ಹೇಳಿದಳು. ಹೇಳಿದಂತೆಲ್ಲ ಹಾವು ಇನ್ನಷ್ಟು ಸರಿಯಾಗಿ ಕಾಣತೊಡಗಿತು.

ಆಟೊ ಹೋದ ಮೇಲೆ ಮೆಹಬೂಬಬೀ ಕೈ ಬಿಟ್ಟಳು. ಮೊರ ಎತ್ತಿಕೊಂಡು ಒಳಗೆ ಹೋಗುತ್ತ ತಿರುಗದೆಯೇ ಹೇಳಿದಳು.

"ನಾಳೆ ಕಾರಟಗಿಯಿಂದ ನನ್ನ ಅಣ್ಣನ ಮನ್ಯಾರು ಬರ್ತಾರ. ಹನ್ನೊಂದಕ್ಕ. ಬಾ."